ಹತ್ಯಾರ

ಬೈಲಹೊಂಗಲದ ಬಡಿಗ್ಯಾರ ಅಂಗಡಿಯಲ್ಲಿ ‘ಹತ್ಯಾರ ಕೊಡೋ’ ಅಂದರೆ ಹುಡುಗ ಉಳಿಯನ್ನೋ ಬಾಚಿಯನ್ನೋ ಕೈಗಿಡುತ್ತಾನೆ. ಪೊಲೀಸ್ ಠಾಣೆಯಲ್ಲಿ ಅದೇ ಮಾತಿಗೆ ಮಚ್ಚು, ಬಂದೂಕು ಎಂದರ್ಥ. ಬೇರು ಒಂದೇ: ಸಂಸ್ಕೃತದ ‘ಹಸ್ತ’, ಪ್ರಾಕೃತದ ‘ಹತ್ಥ’, ಮರಾಠಿಯಲ್ಲೂ ಇದು ‘ಹತ್ಯಾರ’ವೇ. ‘ಹತ್ಯೆ’ಗೂ ಇದಕ್ಕೂ ನಂಟಿಲ್ಲ, ಕೈಗೆ ಒದಗುವುದೇ ಹತ್ಯಾರ.

1857ರಲ್ಲಿ ಕಂಪನಿ ಸರಕಾರ ಹತ್ಯಾರ ಒಪ್ಪಿಸಿರೆಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೆವೆಂದು ನಿಂತರು. ಬೇಟೆಗಾರರಿಗೆ ಅದು ಅನ್ನ, ಅದೇ ಮಾನ. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಈ ಮಾತು ಕೇಳಿದಾಗಲೆಲ್ಲ ನನಗೆ ಆ ಊರೇ ನೆನಪು.

ಈಗಿನ ಕಾನೂನಿಗೂ ಎಲ್ಲ ಹತ್ಯಾರ ಒಂದೇ ಅಲ್ಲ: 1959ರ ಆಯುಧ ಕಾಯ್ದೆ ಕೇವಲ ಮನೆ, ಹೊಲದ ಕೆಲಸಕ್ಕೆಂದೇ ಮಾಡಿದ ಸಾಧನಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಬಂದೂಕಿಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು. ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ.