ಊರಿನ ಹೆಸರು ಹೊತ್ತ ಭಾರ



ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಒಮ್ಮೆ ಕೊನೆಯ ಬೆಂಚಿನ ಹುಡುಗನೊಬ್ಬ, "ಸರ್, ವಿಶೀ ಸರ್ಕಾರ ಅಂದರೆ ವಿಶೀ ಎಂಬ ದ್ರೋಹಿಯ ಸರ್ಕಾರವೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಇಂದು ಆ ಪ್ರಶ್ನೆ ನನಗೆ ನಗುವಂಥದಾಗಿ ಕಾಣುವುದಿಲ್ಲ.

ವಿಶೀ ಒಂದು ಊರು. ಫ್ರಾನ್ಸಿನ ಆಲಿಯೆ ನದಿಯ ದಂಡೆಯಲ್ಲಿ, ಹೊಟ್ಟೆಯ ಬೇನೆಯವರು ಬುಗ್ಗೆಯ ನೀರು ಕುಡಿದು ಸುಧಾರಿಸಿಕೊಳ್ಳಲು ಹೋಗುತ್ತಿದ್ದ ಊರು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಾಗ ಸರ್ಕಾರ ಅಲ್ಲಿಗೆ ಬಂದಿತು. ಕಾರಣ ಸರಳ: ಹೋಟೆಲುಗಳಲ್ಲಿ ಕೋಣೆಗಳು ಬೇಕಾದಷ್ಟಿದ್ದವು, ಟೆಲಿಫೋನ್ ಸೌಕರ್ಯ ಚೆನ್ನಾಗಿತ್ತು. ಜುಲೈ 10ರಂದು ಅಲ್ಲಿನ ರಂಗಮಂದಿರದಲ್ಲಿ ಸೇರಿದ ಸಂಸತ್ತು 569ಕ್ಕೆ 80 ಮತಗಳಿಂದ ಮಾರ್ಷಲ್ ಪೆತ್ಯಾಂ ಅವರಿಗೆ ಸಕಲ ಅಧಿಕಾರವನ್ನೂ ಒಪ್ಪಿಸಿತು. ಮುಂದೆ ಆ ಆಡಳಿತದ ಸಹಕಾರದೊಡನೆ ಫ್ರಾನ್ಸಿನಿಂದ ಸುಮಾರು 76,000 ಯಹೂದಿಗಳನ್ನು ಹಿಡಿದು ಸಾಗಿಸಲಾಯಿತು. ಊರಿನ ಹೆಸರು ಬೈಗುಳವಾಯಿತು.

ಇಷ್ಟು ದೂರ ಏಕೆ ಹೋಗಬೇಕು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಆದರೆ ನಮ್ಮ ತಲೆಮಾರಿಗೆ ಜಿಲ್ಲೆ ಎಂದರೆ ಬಳ್ಳಾರಿಯೇ. ಅಲ್ಲಿನ ದಂಡಿನ ಕಾಯಿಲೆಯ ಸಿಪಾಯಿಗಳು ಸುಧಾರಿಸಿಕೊಳ್ಳಲೆಂದು 1846ರಲ್ಲಿ ಸಂಡೂರಿನ ರಾಮನದುರ್ಗದ ಮೇಲೆ ಆರೋಗ್ಯಧಾಮವಾಯಿತು. ಬೆಟ್ಟದ ಮೇಲೆ ತಂಪು, ಬಯಲಿನಲ್ಲಿ ಸೆರೆ! ಮೊದಲ ಮಹಾಯುದ್ಧದಲ್ಲಿ ಬಳ್ಳಾರಿ ತುರ್ಕಿ ಸೆರೆಯಾಳುಗಳ ಶಿಬಿರವಾಯಿತು. 1921ರ ನವೆಂಬರಿನಲ್ಲಿ ಮಲಬಾರಿನ ಮಾಪಿಳ್ಳೆ ಬಂದಿಗಳನ್ನು ಮುಚ್ಚಿದ ರೈಲುಡಬ್ಬಿಯಲ್ಲಿ ತುಂಬಿ ತಿರೂರಿನಿಂದ ಕಳುಹಿಸಿದರಷ್ಟೆ. ಅವರ ಗುರಿ ಬಳ್ಳಾರಿಯ ಸೆರೆಮನೆಯಾಗಿತ್ತು. ಪೋತನೂರಿನಲ್ಲಿ ಬಾಗಿಲು ತೆರೆದಾಗ ಹೆಣಗಳು ಕಂಡವು. ಒಟ್ಟು ಸುಮಾರು 70 ಮಂದಿ ಸತ್ತರು. ಜೀವಂತ ತಲುಪಿದ ಇತರ ಎಷ್ಟೋ ಬಂದಿಗಳು ಬಳ್ಳಾರಿಯಲ್ಲಿ ಶಿಕ್ಷೆ ಕಳೆದರು. ಆ ಸೆರೆಯಲ್ಲಿದ್ದ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದಲ್ಲಿ ಪುಲಿಕ್ಕೋಟ್ಟಿಲ್ ಹೈದರ್ ಹಾಡನ್ನೇ ಕಟ್ಟಿದರು.

ಬಹಳ ಹಿಂದೆ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಮಲಬಾರಿನ ಅಧ್ಯಾಪಕರೊಬ್ಬರು ನನ್ನ ಊರು ಕೇಳಿದರು. "ಬಳ್ಳಾರಿ ಜಿಲ್ಲೆ" ಎಂದೆ. ಅವರು ಊಟದ ಎಲೆಯ ಮೇಲೆ ಕೈಯಿಟ್ಟು ಕ್ಷಣ ಸುಮ್ಮನಾದರು. "ನಮ್ಮ ಅಜ್ಜ ಅಲ್ಲಿಂದ ತಿರುಗಿ ಬರಲಿಲ್ಲ" ಎಂದರು. ನಾನೇನು ಹೇಳಲಿ? ಕೋಟೆಯ ಗುಡ್ಡ, ಬಿಸಿಲು, ನಮ್ಮವರ ಜೋಳದ ರೊಟ್ಟಿಯ ಮಾತೆಲ್ಲ ನಾಲಿಗೆಯ ಮೇಲೇ ಉಳಿಯಿತು.

ಆ ಸೆರೆಮನೆಯನ್ನು ನಾವು ಕಟ್ಟಲಿಲ್ಲ, ಬಂದಿಗಳನ್ನು ನಾವು ಕರೆಸಲಿಲ್ಲ, ನಿಜ. ವಿಶೀಯವರೂ ಪೆತ್ಯಾಂ ಅವರನ್ನು ಕರೆಸಲಿಲ್ಲ. ಆದರೂ ನಮ್ಮೂರಿನಲ್ಲಿ ನಡೆದದ್ದನ್ನು ನಾವಾದರೂ ತಿಳಿದಿರಬೇಕಲ್ಲವೇ? ಆ ಹುಡುಗನಿಗೆ ಅಂದು ಈ ಉತ್ತರ ಕೊಡಬೇಕಿತ್ತು. ಈಗ ಕೊಡುತ್ತಿದ್ದೇನೆ. ಅವನು ಇದನ್ನು ಓದುತ್ತಿದ್ದರೆ, ನಕ್ಕದ್ದಕ್ಕೆ ಮೇಷ್ಟ್ರನ್ನು ಕ್ಷಮಿಸಲಿ.