ನಾರು ಕರಗಿದರೆ ಗೋಡೆ ಉಳಿಯುತ್ತದೆ

1996ರ ನವೆಂಬರ್ 18ರ ರಾತ್ರಿ. ಲಾರಿಗಳನ್ನು ಹೊತ್ತ ರೈಲೊಂದು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹೊರಟಿತ್ತು. ಇಂಗ್ಲಿಷ್ ಕಡಲ್ಗಾಲುವೆಯ ತಳದ ಸುರಂಗ ಹೊಕ್ಕಾಗಲೇ ಅದರ ಒಂದು ಲಾರಿಗೆ ಬೆಂಕಿ ಹತ್ತಿತ್ತು. ಸುಮಾರು 19 ಕಿ.ಮೀ. ಸಾಗಿದ ಮೇಲೆ ರೈಲು ನಿಂತಿತು. ಒಳಗಿದ್ದ 34 ಮಂದಿ ಹೊಗೆಯಲ್ಲಿ ತಡಕಾಡುತ್ತಲೇ ಪಕ್ಕದ ಸೇವಾ ಸುರಂಗ ಸೇರಿಕೊಂಡರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಬೆಂಕಿ ಆರಿದ ಮೇಲೆ ಒಳಹೊಕ್ಕ ಎಂಜಿನಿಯರುಗಳನ್ನು ಬೆಚ್ಚಿಬೀಳಿಸಿದ್ದು ಸುಟ್ಟ ಲಾರಿಗಳಲ್ಲ, ಗೋಡೆ. ಸುಮಾರು 40 ಸೆಂ.ಮೀ. ದಪ್ಪದ ಕಾಂಕ್ರೀಟ್ ಪದರು ಪದರಾಗಿ ಸಿಡಿದು ಕೆಳಗೆ ರಾಶಿ ಬಿದ್ದಿತ್ತು. ತೀರ ಕೆಟ್ಟ ಕಡೆ ಉಳಿದದ್ದು ಕೆಲವೇ ಸೆಂಟಿಮೀಟರ್. ಅದರ ಹಿಂದಿದ್ದ ಸೀಮೆಸುಣ್ಣದ ಬಂಡೆ ಗಟ್ಟಿಯಾಗಿದ್ದರಿಂದ ಸುರಂಗ ಕುಸಿಯಲಿಲ್ಲ.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. 1994ರ ಜೂನ್‌ನಲ್ಲಿ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಜಲಸಂಧಿಯಡಿ ಸುರಂಗ ಕೊರೆಯುತ್ತಿದ್ದ ಯಂತ್ರಕ್ಕೆ ಬೆಂಕಿ ಬಿದ್ದಾಗ, 40 ಸೆಂ.ಮೀ. ದಪ್ಪದ ಗೋಡೆ ಕೆಲವೆಡೆ 27 ಸೆಂ.ಮೀ.ವರೆಗೂ ಸಿಡಿದುಹೋಗಿತ್ತು.

ಕಾಂಕ್ರೀಟ್ ಉರಿಯುವ ವಸ್ತುವಲ್ಲ. ಮತ್ತೆ ಇದೇನು? ವಿಚಿತ್ರವೆಂದರೆ, ಕಾಂಕ್ರೀಟಿನ ಗುಣವೇ ಇಲ್ಲಿ ದೋಷವಾಗಿತ್ತು. ಮನೆ ಕಟ್ಟುವ ಸಾಮಾನ್ಯ ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಹೇರಳ. ಸಮುದ್ರದಡಿಯ ಸುರಂಗಕ್ಕೆ ಇದು ಸಾಲದು. ಉಪ್ಪುನೀರು ಒಳಗಿಳಿದರೆ ಉಕ್ಕಿನ ಸರಳುಗಳು ತುಕ್ಕು ಹಿಡಿಯುತ್ತವೆ. ಹಾಗಾಗಿ ನೀರು ಕಡಿಮೆ ಮಾಡಿ, ಹಾರುಬೂದಿಯನ್ನೋ ನವುರಾದ ಸಿಲಿಕಾ ಧೂಳನ್ನೋ ಬೆರೆಸಿ, ರಂಧ್ರಗಳನ್ನು ಆದಷ್ಟು ಮುಚ್ಚಿದ ಕಾಂಕ್ರೀಟ್ ತಯಾರಿಸುತ್ತಾರೆ. ಬಲದಲ್ಲಿ ಅದು ಸಾಮಾನ್ಯ ಕಾಂಕ್ರೀಟಿನ ಮೂರು-ನಾಲ್ಕು ಪಟ್ಟು.

ಆದರೆ ಎಂಥ ಕಾಂಕ್ರೀಟಿನಲ್ಲೂ ನೀರಿನ ಅಂಶ ಇದ್ದೇ ಇರುತ್ತದೆ. ಬೆಂಕಿ ತಗುಲಿದಾಗ ಅದು ಆವಿಯಾಗುತ್ತದೆ. ಸಾಮಾನ್ಯ ಕಾಂಕ್ರೀಟಿನಲ್ಲಿ ಆವಿ ಹೇಗೋ ದಾರಿ ಮಾಡಿಕೊಂಡು ಹೊರಬರುತ್ತದೆ. ಒತ್ತಾಗಿ ಮುಚ್ಚಿದ ಕಾಂಕ್ರೀಟಿನಲ್ಲಿ ಅದಕ್ಕೆ ದಾರಿಯೇ ಇಲ್ಲ. ಕಾದ ಬಾಣಲೆಯಲ್ಲಿ ಜೋಳ ಅರಳಾಗುವಾಗ ನಡೆಯುವುದೂ ಇದೇ: ಸಿಪ್ಪೆಯೊಳಗೆ ಸಿಕ್ಕಿಬಿದ್ದ ಆವಿ ಒಡೆದುಕೊಂಡು ಹೊರಬರುತ್ತದೆ. ಜೊತೆಗೆ, ಕಾದ ಹೊರಮೈ ಹಿಗ್ಗಲು ನೋಡಿದರೆ ತಣ್ಣಗಿನ ಒಳಮೈ ಬಿಡುವುದಿಲ್ಲ. ಎರಡೂ ಸೇರಿ ಪದರು ಸಿಡಿಯುತ್ತದೆ. ಆಗ ಒಳಗಿನ ಹೊಸ ಪದರು ಬೆಂಕಿಗೆ ಮೈಯೊಡ್ಡುತ್ತದೆ.

ಮಣ್ಣಿನ ಗೋಡೆ ಬಿರುಕು ಬಿಡದಿರಲೆಂದು ಹುಲ್ಲು ಸೇರಿಸಿ ತುಳಿಯುವುದು ಹಳೆಯ ಪದ್ಧತಿ. ಕಾಂಕ್ರೀಟಿಗೆ ಉಕ್ಕಿನ ನಾರು ಬೆರೆಸುವುದರ ಹಿಂದಿರುವುದೂ ಅದೇ ಯೋಚನೆ. ಉಕ್ಕು ಬಿರುಕನ್ನು ಹಿಡಿದಿಡುತ್ತದೆ ನಿಜ, ಆದರೆ ಆವಿಗೆ ದಾರಿ ಬಿಡುವುದಿಲ್ಲ. ಬೆಂಕಿಯಲ್ಲಿ ಕೈಹಿಡಿದದ್ದು ಉಕ್ಕಲ್ಲ, ಪಾಲಿಪ್ರೊಪಿಲೀನ್; ಅಂದರೆ ಸಿಮೆಂಟ್ ಚೀಲ ನೇಯುವ ಪ್ಲಾಸ್ಟಿಕ್! ಕೂದಲಿಗಿಂತ ತೆಳುವಾದ ಇದರ ಎಳೆಗಳನ್ನು ಒಂದು ಘನಮೀಟರ್ ಕಾಂಕ್ರೀಟಿಗೆ ಒಂದೆರಡು ಕಿಲೋ ಬೆರೆಸಿದರೆ ಸಾಕು. ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಕರಗುತ್ತವೆ. ಎಳೆ ಇದ್ದ ಜಾಗ ಆವಿಯ ಕಾಲುವೆಯಾಗುತ್ತದೆ. ಅದಕ್ಕೂ ಮುನ್ನ ಎಳೆಗಳು ಹಿಗ್ಗಿ, ಸುತ್ತ ಸೂಕ್ಷ್ಮ ಬಿರುಕು ಮೂಡಿಸುವುದೂ ನೆರವಾಗುತ್ತದೆ ಎನ್ನುವ ತಜ್ಞರಿದ್ದಾರೆ.

ಹಾಗೆಂದು ಇದು ಬೆಂಕಿಗೆ ಜಗ್ಗದ ಕಾಂಕ್ರೀಟ್ ಅಲ್ಲ. ಶಾಖ 400 ಡಿಗ್ರಿ ದಾಟಿದರೆ ಸಿಮೆಂಟಿನ ಬೆಸುಗೆಯೇ ಸಡಿಲಗೊಂಡು ಬಲ ಕುಗ್ಗುತ್ತದೆ. ನಾರು ತಡೆಯುವುದು ಸಿಡಿತವನ್ನು ಮಾತ್ರ. ಗೋಡೆ ಸಿಡಿಯದೆ ನಿಂತರೆ ಒಳಗಿನ ಉಕ್ಕಿಗೆ ಶಾಖ ನಿಧಾನವಾಗಿ ತಲುಪುತ್ತದೆ, ಜನ ಪಾರಾಗಲು ಮತ್ತು ಅಗ್ನಿಶಾಮಕ ದಳ ಒಳಬರಲು ಸಮಯ ಸಿಗುತ್ತದೆ.

ಕಡಲ್ಗಾಲುವೆಯ ಸುರಂಗವನ್ನು ಲಂಡನ್ನಿಗೆ ಜೋಡಿಸುವ ವೇಗದ ರೈಲುಮಾರ್ಗ 2007ರಲ್ಲಿ ಪೂರ್ಣಗೊಂಡಿತು. ಅದರ ಸುರಂಗಗಳಿಗೆ ಎರಡೂ ಬಗೆಯ ನಾರು ಬೆರೆಸಿದ ಕಾಂಕ್ರೀಟ್ ಬಳಸಲಾಯಿತು: ಘನಮೀಟರಿಗೆ ಉಕ್ಕು 30 ಕಿಲೋ, ಪ್ಲಾಸ್ಟಿಕ್ ಒಂದೇ ಕಿಲೋ. ಆದರೆ ಕಡಲಡಿಯ ಹಳೆಯ ಗೋಡೆಗೆ ಆ ಭಾಗ್ಯವಿರಲಿಲ್ಲ. ಒಮ್ಮೆ ಗಟ್ಟಿಯಾದ ಕಾಂಕ್ರೀಟಿಗೆ ಎಳೆ ಬೆರೆಸುವುದು ಹೇಗೆ? 2008ರ ಸೆಪ್ಟೆಂಬರ್ 11ರಂದು ಅಲ್ಲಿ ಮತ್ತೊಂದು ಲಾರಿ ರೈಲು ಹೊತ್ತಿ ಉರಿದು, ಸುಮಾರು 650 ಮೀಟರ್ ಗೋಡೆ ಹಾಳಾಯಿತು. 2009ರ ಫೆಬ್ರುವರಿವರೆಗೆ ದುರಸ್ತಿ ನಡೆಯಿತು. ಆಮೇಲೆ ಸುರಂಗದೊಳಗೆ ನಾಲ್ಕು ಕಡೆ ನೀರಿನ ಮಂಜು ಸಿಂಪಡಿಸುವ ತಾಣಗಳನ್ನು ನಿರ್ಮಿಸಿದರು. ಬೆಂಕಿ ಹತ್ತಿದ ರೈಲನ್ನು ಅಲ್ಲಿಗೆ ತಂದು ನಿಲ್ಲಿಸಬೇಕು.