ನಡುವಿನ ಕುರ್ಚಿ

ಅಜ್ಜೀಪುರದ ನಮ್ಮ ದೊಡ್ಡಪ್ಪನ ಮನೆಗೆ ಎರಡು ಸ್ಪೀಕರಿನ ಸ್ಟೀರಿಯೋ ಬಂದದ್ದು 1984ರಲ್ಲಿ. ಅಲ್ಲಿಯವರೆಗೆ ಇದ್ದದ್ದು ಒಂದು ರೇಡಿಯೋ. ಅದರ ಕಾಲದಲ್ಲಿ ಹಾಡು ಕೇಳಲು ಒಳ್ಳೆಯ ಜಾಗ, ಕೆಟ್ಟ ಜಾಗ ಎಂಬುದೇ ಇರಲಿಲ್ಲ. ಒಂದೇ ಬಾಯಿಂದ ಹೊರಡುವ ದನಿ ನಡುಮನೆಗೆ ಹೇಗೋ ಜಗಲಿಗೂ ಹಾಗೆಯೇ. ಸ್ಟೀರಿಯೋ ಬಂದ ಮೇಲೆ ನಮ್ಮಲ್ಲೂ ಮೊದಲ ಪಂಕ್ತಿ, ಎರಡನೆಯ ಪಂಕ್ತಿ ಶುರುವಾಯಿತು.

ಇದು ದೊಡ್ಡಪ್ಪನ ತಪ್ಪಲ್ಲ, ಯಂತ್ರದ ಗುಣ. ಎರಡು ಸ್ಪೀಕರು, ಕೇಳುವವನ ತಲೆ, ಇವು ಸಮಭುಜ ತ್ರಿಕೋನದ ಮೂರು ಮೂಲೆಗಳಾದರೆ ಗಾಯಕ ನಟ್ಟನಡುವೆ, ಏನೂ ಇಲ್ಲದ ಗೋಡೆಯಿಂದ ಹಾಡಿದಂತಿರುತ್ತದೆ. ಒಂದೆರಡು ಮೊಳ ಪಕ್ಕಕ್ಕೆ ಸರಿದಿರೋ, ಹತ್ತಿರದ ಸ್ಪೀಕರಿನ ದನಿ ಕಿವಿಗೆ ಮೊದಲು ತಲುಪಿ ಗಾಯಕನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಅಲನ್ ಬ್ಲೂಮ್ಲೈನ್ ಎಂಬ ಎಂಜಿನಿಯರು 1931ರ ಡಿಸೆಂಬರಿನಲ್ಲಿ ಈ ವಿದ್ಯೆಗೆ ಪೇಟೆಂಟು ಕೇಳಿದ. 1942ರಲ್ಲಿ ರಾಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡ. ಸ್ಟೀರಿಯೋ ಪ್ಲೇಟುಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಅವನು ಅದನ್ನು ಕಾಣಲಿಲ್ಲ.

ಅತಿಥಿಗೆ ಸಂಗೀತ ಕೇಳಿಸುವ ಮಾತು ಬಂದಾಗ ಮೈಸೂರಿನ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಅವರ ಬಳಿ ಸುಮಾರು 20,000 ಪ್ಲೇಟುಗಳಿದ್ದುವೆಂದು ಅಂದಾಜು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯಮೇಳವನ್ನು ಕಟ್ಟಿದ ವಾಲ್ಟರ್ ಲೆಗ್ 1949ರಲ್ಲಿ ಅತಿಥಿಯಾಗಿ ಬಂದು, ಆ ಸಂಗ್ರಹವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ಕಂಡು ಬೆರಗಾಗಿದ್ದ. ಮರುವರ್ಷ ಮೇ 22ರಂದು ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಖರ್ಚಿಗೆ ನಿಂತವರು ಒಡೆಯರೇ. ತಾವು ಹೋಗಲಾಗಲಿಲ್ಲ, ಮುದ್ರಿಕೆ ಮೈಸೂರಿಗೆ ಬಂತು. ಆಗಿನ ಪ್ಲೇಟುಗಳೆಲ್ಲ ಒಂದೇ ದನಿಯವು. ಹಾಗಾಗಿ ಅರಮನೆಯಲ್ಲೂ ನಡುವಿನ ಕುರ್ಚಿಯ ತಕರಾರು ಇದ್ದಿರಲಾರದು. ಅಂದ ಹಾಗೆ, ಆಗ ನಾವು ಒಡೆಯರ ಪ್ರಜೆಗಳಲ್ಲ. ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದದ್ದು 1956ರ ನವೆಂಬರ್ 1ಕ್ಕೆ.

ದೊಡ್ಡಪ್ಪ ಸುಣ್ಣದಲ್ಲಿ ಗುರುತು ಹಾಕಿ ಬೆತ್ತದ ಕುರ್ಚಿ ಇರಿಸಿದ್ದರು. ಬಂದವರಿಗೆಲ್ಲ ಅದೇ ಕುರ್ಚಿ. ತಾವು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮೇಷ್ಟ್ರಾಗಲಿ, ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯಾಗಲಿ, ಎರಡು ಹಾಡು ಕೇಳದೆ ಏಳುವಂತಿರಲಿಲ್ಲ. ಅವರೋ, ಮಾತಾಡಲು ಅನುಕೂಲವೆಂದು ಕುರ್ಚಿಯನ್ನು ದೊಡ್ಡಪ್ಪನ ಕಡೆಗೆ ಎಳೆದುಕೊಳ್ಳುವರು. ದೊಡ್ಡಪ್ಪನ ಮುಖ ಆಗ ನೋಡಬೇಕಿತ್ತು! ದೊಡ್ಡಮ್ಮ ಅಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಅವರು ಕೇಳಿದ್ದೆಲ್ಲ ಅಡುಗೆಮನೆಯಿಂದಲೇ.

ವರ್ಷಕ್ಕೊಮ್ಮೆ ಬೆಟ್ಟದ ಕಡೆ ಹೋಗುವಾಗ ಒಬ್ಬ ದೇವರಗುಡ್ಡ ಬರುತ್ತಿದ್ದ. ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡಿ, ರಾಗಿ ಪಡೆದು ಮುಂದಿನ ಮನೆಗೆ ಹೋಗುವನು. ಅವನು ಹಾಡುತ್ತಿದ್ದದ್ದು ಜಗಲಿಯ ಕೆಳಗೆ ನಿಂತು. ಹೊಲಗೇರಿಯವನು ಮೆಟ್ಟಿಲು ಹತ್ತುವ ಪದ್ಧತಿ ಇರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ.

ಒಂದು ಸಲ ಅವನು ಬಂದಾಗ ದೊಡ್ಡಪ್ಪ ಹುರುಪಿನಿಂದ ಮಾದಪ್ಪನ ಹಾಡಿನದೇ ಕ್ಯಾಸೆಟ್ ಹಾಕಿದರು. ಅದರಲ್ಲಿ ಕತೆ ಹೇಳುವವನು ಹೆಚ್ಚಾಗಿ ಎಡಗಡೆ, ಸೊಲ್ಲು ಕೊಡುವವರು ಬಲಗಡೆ. ಎಡದ ಸ್ಪೀಕರು ಕಿಟಕಿಯ ಪಕ್ಕದಲ್ಲಿತ್ತು. ಸ್ವಲ್ಪ ಹೊತ್ತು ಕೇಳಿದವನು, "ಚೆನ್ನಾಗೇ ಹೇಳ್ತಾವ್ನೆ ಬುದ್ಧಿ. ಸೊಲ್ಲು ಕೊಡೋರು ಎಲ್ಲೋದ್ರು?" ಎಂದ.

ನಾನು ಆಗ ಕಾಲೇಜು ಸೇರಿದ್ದವನು. ನಾಲ್ಕು ಪುಸ್ತಕ ಓದಿದ್ದ ಧೈರ್ಯದಲ್ಲಿ, "ಒಳಗೆ ಬಾ, ಈ ಕುರ್ಚಿಯಲ್ಲಿ ಕೂತರೆ ಇಬ್ಬರೂ ಕೇಳಿಸ್ತಾರೆ" ಎಂದೆ. ಅವನು ನನ್ನನ್ನು ನೋಡಲಿಲ್ಲ, ದೊಡ್ಡಪ್ಪನನ್ನು ನೋಡಿದ. "ಇಲ್ಲೇ ಆಯ್ತದೆ ಚಿಕ್ಕಬುದ್ಧಿ" ಎಂದ.

ಊರಿನ ಹಾಡುಗಾರರಲ್ಲೆಲ್ಲ ದೊಡ್ಡಪ್ಪನಿಗೆ ಅವನ ಮೇಲೆ ನಿಜವಾದ ಗೌರವವಿತ್ತು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಅವರು ಏನೂ ಮಾತಾಡದೆ ಬಲಗಡೆಯ ಸ್ಪೀಕರನ್ನು ಎತ್ತಿಕೊಂಡು ಬಂದರು. ತಂತಿ ಸಾಲಲಿಲ್ಲ. ಎಳೆದು, ಕಿಟಕಿಯ ಸರಳಿಗೆ ಓರೆಯಾಗಿ ಆನಿಸಿ, ಬೀಳದಂತೆ ಕೈಯಲ್ಲಿ ಹಿಡಿದು ನಿಂತರು. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರಾ ಹಾಗೇ ನಿಂತಿದ್ದರು. ಹೊರಗೆ ಅವನು ಕಣ್ಣು ಮುಚ್ಚಿ, ಕಂಸಾಳೆಯನ್ನು ಮೆಲ್ಲಗೆ ತಟ್ಟುತ್ತ ತಾನೂ ಸೊಲ್ಲು ಸೇರಿಸುತ್ತಿದ್ದ. ಬೆತ್ತದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.